ಕೈ ಬಿಟ್ಟರೆ ನಿಲ್ಲಬೇಕು

ಬಂಗಾರಪೇಟೆಗೆ ಸಮುದ್ರ ಯಾವಾಗ ಬಂತು ತಾತ ಅಂತ ನಮ್ಮ ಬೀದಿಯ ಮಕ್ಕಳೆಲ್ಲ ಕೇಳಿದ್ದೇ ಕೇಳಿದ್ದು. ಬಂದದ್ದು ಸಮುದ್ರವಲ್ಲ, ದೋಣಿಯ ಎಂಜಿನ್ನು. ನನ್ನ ಕಿರಿಮಗಳನ್ನು ಕೊಟ್ಟಿರುವುದು ಗಂಗೊಳ್ಳಿಗೆ. ಬೇಸಿಗೆ ರಜೆಗೆ ಬಂದ ಬೀಗರು ಹಪ್ಪಳದ ಡಬ್ಬಿಯ ಜೊತೆಗೆ ತಮ್ಮ ನಾಡದೋಣಿಯ ಹಳೆಯ ಔಟ್‌ಬೋರ್ಡ್ ಎಂಜಿನ್ನನ್ನೂ ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು.

"ನೀವು ಕೆ.ಜಿ.ಎಫ್. ಗಣಿಯ ವರ್ಕ್‌ಶಾಪಿನಲ್ಲಿ ಇದ್ದವರಲ್ಲವಾ ಬೀಗರೇ, ಇದಕ್ಕೊಂದು ಕಿಲ್ ಸ್ವಿಚ್ ಕೂರಿಸಿ ಕೊಡಿ ಮಾರಾಯ್ರೆ" ಅಂದರು.

ಕಾರಣ ಇತ್ತು. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಸೇರಿ ಕಡಲಿಗೆ ಬೀಳುತ್ತವೆ. ಆ ಅಳಿವೆಯಲ್ಲಿ ಅಲೆಗಳು ಯಾವಾಗ ಹೇಗೆ ಏಳುತ್ತವೆಂದು ಹೇಳಲಾಗದು. ಅವರ ಪಕ್ಕದ ಮನೆಯವರೊಬ್ಬರು ಅಲೆಯ ಹೊಡೆತಕ್ಕೆ ದೋಣಿಯಿಂದ ಹೊರಗೆ ಬಿದ್ದರು. ಎಂಜಿನ್ ನಿಲ್ಲಲಿಲ್ಲ. ಔಟ್‌ಬೋರ್ಡ್ ಎಂಜಿನ್ನಿಗೆ ಒಂದು ಉದ್ದ ಹಿಡಿಕೆ ಇರುತ್ತದೆ, ದೋಣಿಯನ್ನು ತಿರುಗಿಸುವುದು ಅದರಿಂದಲೇ. ಹಿಡಿದ ಕೈ ಹೋದರೆ ಎಂಜಿನ್ನಿನ ಸೆಳೆತಕ್ಕೇ ಹಿಡಿಕೆ ಒಂದು ಕಡೆಗೆ ವಾಲುತ್ತದೆ, ದೋಣಿ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಸುತ್ತಿ ಸುತ್ತಿ ಬರುವುದೆಲ್ಲಿಗೆ? ಯಜಮಾನ ಬಿದ್ದ ಜಾಗಕ್ಕೇ. ಅಡಿಯಲ್ಲಿ ತಿರುಗುವ ಪ್ರೊಪೆಲ್ಲರ್ ಅಂದರೆ ಕತ್ತಿ. ಆ ಪುಣ್ಯಾತ್ಮ ಎರಡು ಸಲ ನೀರೊಳಗೆ ಮುಳುಗಿ ತಪ್ಪಿಸಿಕೊಂಡರಂತೆ. ಅಷ್ಟರಲ್ಲಿ ಇನ್ನೊಂದು ದೋಣಿಯವರು ಬಂದು ಎಳೆದುಕೊಂಡರು.

ನಮ್ಮ ಕಡೆ ದೋಣಿ ಕಾಣದಿದ್ದರೂ ಈ ಭಯ ನಮಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಲ್ಲಿ ಜನರನ್ನು ಇಳಿಸಿ ಏರಿಸುವ ಕೇಜನ್ನು ಎಳೆಯುತ್ತಿದ್ದುದು ಮೇಲಿನ ವೈಂಡಿಂಗ್ ಎಂಜಿನ್. ಎಂಜಿನ್ ಡ್ರೈವರಿಗೆ ಕೇಜ್ ಕಾಣುವುದಿಲ್ಲ, ಗಂಟೆಯ ಸದ್ದೇ ಅವನ ಕಣ್ಣು. ಓಡುತ್ತಿರುವಾಗ ಒಂದೇ ಒಂದು ಗಂಟೆ ಬಾರಿಸಿದರೆ ನಿಲ್ಲಿಸು ಅಂತ ಅರ್ಥ. ಗಾಬರಿಯಲ್ಲಿ ಎಣಿಸಲು ಆಗದವನಿಗೂ ಒಂದು ಸಲ ಬಾರಿಸಲು ಆಗುತ್ತದಲ್ಲ! ಡ್ರೈವರೇ ತಪ್ಪಿದರೆ? ಕೇಜ್ ಮೇಲಿನ ಗುರುತು ದಾಟಿದರೆ ಬ್ರೇಕು ತಾನಾಗಿ ಬೀಳುವ ಏರ್ಪಾಟೂ ವೈಂಡಿಂಗ್ ಎಂಜಿನ್‌ಗಳಲ್ಲಿ ಇರುತ್ತದೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ರೈಲು ಮಾತ್ರ ಓಡುತ್ತಲೇ ಇದೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ಹಾಕಿದ ಹದಿನಾರು ಕಿಲೋಮೀಟರ್ ಹಳಿಯ ಮೇಲೆ ಈಗ ಮೆಮು ರೈಲು ಬೆಂಗಳೂರಿನವರೆಗೂ ಜನರನ್ನು ಹೊತ್ತು ಹೋಗುತ್ತದೆ. ಇಂಥ ರೈಲುಗಳಲ್ಲಿ ಚಾಲಕರು ಹಿಡಿಕೆಯನ್ನು ಅದುಮಿಯೇ ಹಿಡಿದಿರಬೇಕು. ತಲೆಸುತ್ತಿ ಬಿದ್ದು ಕೈ ಸಡಿಲವಾದರೆ ಬ್ರೇಕು ಬೀಳುತ್ತದೆ. ಅದರ ಹೆಸರು ಡೆಡ್ ಮ್ಯಾನ್ಸ್ ಹ್ಯಾಂಡಲ್. ಹೆಸರಿಟ್ಟವರಿಗೆ ಸ್ವಲ್ಪ ದಯೆ ಇರಬೇಕಿತ್ತು.

ದೋಣಿಗೆ ಬೇಕಾದದ್ದೂ ಇಂಥದ್ದೇ. ಒಂದು ಸಣ್ಣ ಸ್ವಿಚ್, ಅದರ ಕತ್ತಿಗೆ ಸಿಕ್ಕಿಸುವ ಕ್ಲಿಪ್, ಕ್ಲಿಪ್ಪಿಗೆ ಕಟ್ಟಿದ ಸುರುಳಿ ದಾರ. ದಾರದ ಇನ್ನೊಂದು ತುದಿ ದೋಣಿ ನಡೆಸುವವರ ಮೈಮೇಲೆ. ಅವರು ಬಿದ್ದರೆ ದಾರ ಎಳೆಯುತ್ತದೆ, ಕ್ಲಿಪ್ ಕಳಚುತ್ತದೆ, ಎಂಜಿನ್ ನಿಲ್ಲುತ್ತದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಟ್ರೆಡ್‌ಮಿಲ್ ಇದ್ದರೆ ಅದರ ಕೆಂಪು ದಾರ ನೋಡಿ, ಇದರ ತಮ್ಮ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗೆ ಈ ಸ್ವಿಚ್ ಇದ್ದರೆ ಓಡಿಸುವವರು ದಾರ ಕಟ್ಟಿಕೊಳ್ಳಲೇಬೇಕೆಂದು 2021ರ ಏಪ್ರಿಲ್ 1ರಿಂದ ಕಾನೂನೇ ಆಗಿದೆ.

ಈಗ ಕೂರಿಸುವ ಕೆಲಸ. ಈ ಹಳೆಯ ಎಂಜಿನ್ನಿಗೆ ಬ್ಯಾಟರಿ ಇಲ್ಲ. ತಿರುಗುವ ಗಾಲಿಯಲ್ಲಿ ಅಯಸ್ಕಾಂತ, ಪಕ್ಕದಲ್ಲಿ ಕಾಯಿಲ್, ಅಲ್ಲಿಂದಲೇ ಕಿಡಿ. ನಿಲ್ಲಿಸಲು ಒಂದು ಗುಂಡಿ ಇದೆ. ಒತ್ತಿದರೆ ಕಾಯಿಲ್ಲಿನ ತಂತಿ ಎಂಜಿನ್ನಿನ ಮೈಗೆ ತಾಗಿ ಅರ್ಥ್ ಆಗುತ್ತದೆ, ಕಿಡಿ ಸಾಯುತ್ತದೆ. ಹೊಸ ಸ್ವಿಚ್ಚಿನ ಒಂದು ತಂತಿಯನ್ನು ಆ ಗುಂಡಿಯ ತಂತಿಗೇ ಸೇರಿಸಿದೆ, ಇನ್ನೊಂದನ್ನು ಬಣ್ಣ ಕೆರೆದು ಎಂಜಿನ್ನಿನ ಮೈಗೆ ಬಿಗಿದೆ. ಉಪ್ಪುಗಾಳಿಗೆ ಬರಿ ತಾಮ್ರ ಹಸಿರಾಗುತ್ತದೆಂದು ತವರ ಹಚ್ಚಿದ ತಂತಿಯನ್ನೇ ತರಿಸಿದ್ದೆ. ಹಿಡಿಕೆ ತಿರುಗಿದಾಗ ಎಳೆಯದಂತೆ ತಂತಿಯನ್ನು ಸ್ವಲ್ಪ ಉದ್ದವೇ ಬಿಟ್ಟೆ.

ಸ್ವಿಚ್ ಆರಿಸುವಾಗ ಬಹಳ ಎಚ್ಚರ ಬೇಕು. ಇಲ್ಲಿ ಕ್ಲಿಪ್ ಕಳಚಿದಾಗ ಒಳಗಿನ ಎರಡು ತುದಿಗಳು ಕೂಡಬೇಕು. ಬ್ಯಾಟರಿಯಿಂದ ಕಿಡಿ ಕೊಡುವ ಎಂಜಿನ್ನಾದರೆ ಬೇರೆಯಾಗಬೇಕು. ಅದಲು ಬದಲಾದರೆ ಕ್ಲಿಪ್ ಹಾಕಿದಾಗ ಎಂಜಿನ್ ಹೊತ್ತುವುದಿಲ್ಲ, ತೆಗೆದರೆ ಹೊತ್ತಿಕೊಳ್ಳುತ್ತದೆ! ಮೊಮ್ಮಗಳು ಕ್ಲಿಪ್ ಎಳೆಯುತ್ತಿದ್ದಳು, ನಾನು ಮಲ್ಟಿಮೀಟರ್ ಹಿಡಿದಿದ್ದೆ. ಎಳೆದಾಗಲೆಲ್ಲ ಬೀಪ್ ಅಂದರೆ ಸರಿ.

"ತಾತ, ಈ ತಂತಿ ತುಂಡಾದರೆ?" ಅಂದಳು.

ಕೇಳಬೇಕಾದ ಪ್ರಶ್ನೆ ಅದೇ ನೋಡಿ. ರೈಲಿನ ಬ್ರೇಕಿನ ಗಾಳಿಕೊಳವೆ ತುಂಡಾದರೆ ಬ್ರೇಕು ತಾನೇ ಬೀಳುತ್ತದೆ, ಕೆಟ್ಟರೂ ನಿಲ್ಲುವ ಹಾಗೆ ಮಾಡಿದ್ದಾರೆ. ನಮ್ಮ ದೋಣಿಯ ಸ್ವಿಚ್ ಹಾಗಲ್ಲ. ತಂತಿ ತುಂಡಾದರೆ ಎಂಜಿನ್ ಆರಾಮಾಗಿ ಓಡುತ್ತದೆ, ಸ್ವಿಚ್ ಸತ್ತಿರುವುದು ಯಾರಿಗೂ ತಿಳಿಯುವುದೇ ಇಲ್ಲ. ಅದಕ್ಕೇ ದಿನಾ ದಡ ಬಿಡುವ ಮೊದಲು ಎಂಜಿನ್ ಹೊತ್ತಿಸಿ ಒಮ್ಮೆ ದಾರ ಎಳೆದು ನೋಡಬೇಕು. ನಿಂತರೆ ಮಾತ್ರ ಕಡಲಿಗೆ.

ಪರೀಕ್ಷೆಗೆ ಕಡಲೆಲ್ಲಿ ತರೋಣ? 200 ಲೀಟರಿನ ಡ್ರಮ್ಮಿಗೆ ಟ್ಯಾಂಕರ್ ನೀರು ತುಂಬಿಸಿದೆವು. ಎಂಜಿನ್ ತಂಪಾಗಲು ನೀರು ಹೀರುವ ಬಾಯಿ ಪೂರ್ತಿ ಮುಳುಗಿರಬೇಕು, ಇಲ್ಲದಿದ್ದರೆ ಒಳಗಿನ ಪಂಪಿನ ರಬ್ಬರ್ ಸುಟ್ಟುಹೋಗುತ್ತದೆ. ಪ್ರೊಪೆಲ್ಲರನ್ನು ಮೊದಲೇ ಬಿಚ್ಚಿಟ್ಟಿದ್ದೆ. ಮಕ್ಕಳನ್ನೆಲ್ಲ ಬೇಲಿಯ ಆಚೆ ನಿಲ್ಲಿಸಿದೆ. ಕಡಲಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನಾದರೂ ಹೊತ್ತಿಸುವುದು ಪೆಟ್ರೋಲಿನಲ್ಲೇ. ಮೂರನೆಯ ಎಳೆತಕ್ಕೆ ಹೊತ್ತಿತು. ಬೀಗರು ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಬೀಳುವವರಂತೆ ಹಿಂದಕ್ಕೆ ವಾಲಿದರು. ಟಪ್! ಮೌನ. ಬೇಲಿಯ ಆಚೆ ಚಪ್ಪಾಳೆ. ಹತ್ತು ಸಲ ಮಾಡಿ ನೋಡಿದೆವು, ಹತ್ತು ಸಲವೂ ನಿಂತಿತು. ಡ್ರಮ್ಮಿನ ನೀರೆಲ್ಲ ಎಣ್ಣೆಯಾಗಿ ಗಿಡಕ್ಕೂ ಹಾಕುವಂತಿರಲಿಲ್ಲ. ಕೋಲಾರ ಜಿಲ್ಲೆಯವನ ಹೊಟ್ಟೆ ಉರಿಯದೆ ಇರುತ್ತದೆಯೇ!

"ಇದನ್ನು ಅಂಗಿಯ ಗುಂಡಿಗೆ ಸಿಕ್ಕಿಸಬೇಡಿ ಬೀಗರೇ, ಗುಂಡಿ ಕಿತ್ತು ಬರುತ್ತದೆ. ಕೈಗೋ ಲೈಫ್ ಜಾಕೆಟ್ಟಿಗೋ ಕಟ್ಟಿ" ಅಂದೆ.

ಅವರು ಹೂಂಗುಟ್ಟಿ, "ಅಲ್ಲ, ನಾನು ಕ್ಲಿಪ್ ಸಮೇತ ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿದವರು ಎಂಜಿನ್ ಹೊತ್ತಿಸಿ ನನ್ನನ್ನು ಎತ್ತಿಕೊಳ್ಳುವುದು ಹೇಗೆ?" ಅಂದರು. ಕಡಲಿನವರ ಯೋಚನೆಯೇ ಬೇರೆ. ಸ್ವಿಚ್ಚಿನ ಪೊಟ್ಟಣದಲ್ಲೇ ಇನ್ನೊಂದು ಕ್ಲಿಪ್ ಇತ್ತು. ಮೊಮ್ಮಗಳು ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, "ಅಜ್ಜ, ಇದು ದೋಣಿಯಲ್ಲೇ ಇರಬೇಕು, ಎಲ್ಲರಿಗೂ ಕಾಣುವ ಹಾಗೆ" ಅಂತ ಅವರ ಕೈಗೆ ಕೊಟ್ಟಳು.