ಆಸ್ಪತ್ರೆಯಿಂದ ಮರಳಿದವರ ಗತಿ

ಕ್ಯಾನ್ಸರ್ ರೋಗದಿಂದ ಗುಣ ಹೊಂದಿ ಊರಿಗೆ ಮರಳಿದವರ ಯೋಗಕ್ಷೇಮವನ್ನು ಯಾರು ವಿಚಾರಿಸತಕ್ಕದ್ದು? ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ, ಕಲಬುರಗಿಯಲ್ಲಿರುವ ಅದರ ಕೇಂದ್ರವೂ, ಬಡವರ ಚಿಕಿತ್ಸೆಗಾಗಿ 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯೂ ಸ್ತುತ್ಯವೇ ಸರಿ. ಆದರೆ ರಾಯಚೂರು ಜಿಲ್ಲೆಯ ಬಳಗಾನೂರಿಗೆ ಬೆಂಗಳೂರು ಸುಮಾರು 400 ಕಿಲೋಮೀಟರು ದೂರ. ಸಂಶಯ ಬಂದಾಗಲೆಲ್ಲ ಅಲ್ಲಿಗೆ ಹೋಗುವದು ಕೂಲಿಕಾರನಿಗೆ ಸಾಧ್ಯವಲ್ಲ.

ಆದುದರಿಂದ ಆರೈಕೆಯ ಬಹುಭಾಗವು ಅವನ ಕೈಯಲ್ಲಿಯೇ ಇರುವದು. ಬಾಯಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಇಲ್ಲವೆ ಕಿರಣಚಿಕಿತ್ಸೆ ಆದವರು ಬಾಯಿ ತೆರೆಯುವ ವ್ಯಾಯಾಮವನ್ನು ತಪ್ಪಿಸಿದರೆ ದವಡೆ ಬಿಗಿಯಬಹುದು. ತಂಬಾಕನ್ನು ಮತ್ತೆ ಮುಟ್ಟಿದರೆ ರೋಗವೂ ಮರಳಬಹುದು. ಸ್ತನದ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆಯಿಸಿಕೊಂಡ ತಾಯಂದಿರು ತೋಳಿನ ಬಾವನ್ನು ಲಕ್ಷಿಸಬೇಕು. ಕೆಲವರು ಟಾಮಾಕ್ಸಿಫೆನ್ ಗುಳಿಗೆಯನ್ನು 5ರಿಂದ 10 ವರ್ಷ ಸೇವಿಸಬೇಕು; ಮೈ ಹಗುರಾಯಿತೆಂದು ನಡುವೆ ಬಿಡುವದು ಅಪಾಯಕರ.

ಇದನ್ನೆಲ್ಲ ತಿಳಿಸಬೇಕಾದ ಬಿಡುಗಡೆಯ ಪತ್ರವಾದರೋ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವದು! ಓದಲಾರದ ಕಾಗದವನ್ನು ಕೈಗಿತ್ತು, ಎಚ್ಚರದಿಂದಿರಿ ಎಂದರೆ ಫಲವೇನು?

ನಮ್ಮ ಸೂಚನೆಯು ಇಷ್ಟೇ: ಮನೆಗೆ ಹೊರಡುವ ಪ್ರತಿಯೊಬ್ಬರಿಗೂ ಚಿತ್ರಸಹಿತವಾದ ಕನ್ನಡ ಪುಸ್ತಿಕೆಯೊಂದು ದೊರೆಯಲಿ. ಔಷಧದ ಕ್ರಮ, ತಪಾಸಣೆಯ ದಿನ, ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು, ವಿಚಾರಿಸಲು ದೂರವಾಣಿಯ ಸಂಖ್ಯೆ, ಇವು ಅದರಲ್ಲಿರಲಿ. ಊರಿನ ಆಶಾ ಕಾರ್ಯಕರ್ತೆಗೆ ಈ ವಿಷಯದಲ್ಲಿ ಶಿಕ್ಷಣವೂ ತಕ್ಕ ಸಂಭಾವನೆಯೂ ಸಲ್ಲಲಿ. ಓದುಬಾರದವರಿಗೆ ಆಕೆಯು ಓದಿ ಹೇಳಲಿ. ಜೀವವನ್ನುಳಿಸಲು ಲಕ್ಷಗಟ್ಟಲೆ ವೆಚ್ಚ ಮಾಡುವ ಸರಕಾರಕ್ಕೆ, ಉಳಿದ ಜೀವವನ್ನು ಕಾಯುವ ಒಂದು ಪುಸ್ತಿಕೆಯು ಭಾರವಾಗಲಾರದು.