ಆ ಪಟದಲ್ಲಿರುವವರ ಹೆಸರೇನು?

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಭಾಂಗಣದಲ್ಲಿ ಏರ್ಪಡಿಸಿದ್ದ ಚಿತ್ರಪ್ರದರ್ಶನವನ್ನು ಸದಸ್ಯರೆಲ್ಲ ನೋಡಿರಬಹುದು. ವಿಶ್ವೇಶ್ವರಯ್ಯನವರ ಪಟದ ಕೆಳಗೆ ಹೆಸರಿತ್ತು. ಕುವೆಂಪು, ಬೇಂದ್ರೆಯವರ ಪಟಗಳ ಕೆಳಗೆ ಹುಟ್ಟಿದ ಇಸವಿಯೂ ಇತ್ತು. ಕಾಫಿ ಮೇಜಿನ ಪಕ್ಕದ ಗೋಡೆಯ ಕೊನೆಯಲ್ಲಿ, ಯಾವುದೋ ಹಳೆಯ ಪುಸ್ತಕದಿಂದ ತೆಗೆದ ಎರಡು ಪಟಗಳಿದ್ದವು. ಒಂದರಲ್ಲಿ ಗುಡಿಸಲ ಮುಂದೆ ಕುಳಿತ ಸಂಸಾರ, ಇನ್ನೊಂದರಲ್ಲಿ ಕೋಲು ಹಿಡಿದು ನಿಂತ ಮುದುಕ. ಕೆಳಗೆ 'ಜೇನುಕುರುಬರು' ಎಂದಷ್ಟೇ ಬರೆದಿತ್ತು. ಇವರ ಹೆಸರೇನೆಂದು ನಾವು ವಿಚಾರಿಸಿದಾಗ ಹಿರಿಯ ಸದಸ್ಯರೊಬ್ಬರು, "ಹೆಸರು ಕಟ್ಕೊಂಡು ಏನ್ರೀ ಮಾಡ್ತೀರಿ? ಪಟ ಎಷ್ಟು ಚೆನ್ನಾಗಿದೆ ನೋಡಿ" ಎಂದು ನಕ್ಕರು. ಅವರ ಮೇಲೆ ನಮಗೆ ಕೋಪವೇನಿಲ್ಲ. ಆ ಮಾತಿನ ಮೇಲೆ ಇದೆ.

ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ವಿಧವೆಯ ಪಿಂಚಣಿ ಅರ್ಜಿ ಹಿಂದಕ್ಕೆ ಹೋಗುವುದನ್ನು ನಿತ್ಯ ಕಾಣುವವರು. ಪಾಪ ತಟ್ಟಲಿ, ಎಷ್ಟೋ ಸಲ ಹಿಂದಕ್ಕೆ ಕಳಿಸಿದವರೂ ನಾವೇ. ಹೆಸರಿಲ್ಲದ ಕಾಗದಕ್ಕೆ ಸರ್ಕಾರದಲ್ಲಿ ಏನು ಬೆಲೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಪಟಗಳಿಗೆ ಹೆಸರು ತಪ್ಪಿದ್ದು ಆಕಸ್ಮಿಕವೂ ಅಲ್ಲ. 1868ರಿಂದ 1875ರವರೆಗೆ ವಾಟ್ಸನ್ ಮತ್ತು ಕೇ ಎಂಬಿಬ್ಬರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದರು. ಅದರಲ್ಲಿ ಮನುಷ್ಯರು ಬಹುಮಟ್ಟಿಗೆ ಜಾತಿಯ ಮಾದರಿಗಳು. 1891ರಲ್ಲಿ ಬಂಗಾಳದ ಜಾತಿಗಳ ಬಗ್ಗೆ ಬರೆದ ರಿಸ್ಲಿ ಸಾಹೇಬರು ಮೂಗಿನ ಅಗಲ ಅಳೆದು ಸಮಾಜದಲ್ಲಿ ಯಾರು ಮೇಲು ಯಾರು ಕೀಳು ಎಂದು ಲೆಕ್ಕ ಹಾಕಿದರು. ಮದರಾಸಿನಲ್ಲಿ ಅದೇ ಅಳತೆಯ ಕೆಲಸ ಮಾಡಿದ ಥರ್ಸ್‌ಟನ್ 1909ರಲ್ಲಿ ಏಳು ಸಂಪುಟ ಬರೆದರು. ನಾವೂ ಬಿ.ಎಸ್ಸಿ. ಓದಿದವರೇ, ಅಳತೆಯೆಂದರೆ ನಮಗೂ ಗೌರವ. ಆದರೆ ಮೂಗನ್ನು ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಂಡವರಿಗೆ "ನಿನ್ನ ಹೆಸರೇನಪ್ಪ?" ಎಂದು ಕೇಳುವಷ್ಟು ವ್ಯವಧಾನ ಇರಲಿಲ್ಲವೆಂದರೆ ಅದನ್ನು ವಿಜ್ಞಾನವೆನ್ನಲು ನಾಲಿಗೆ ಏಳುವುದಿಲ್ಲ.

ಪರಂಗಿಯವರನ್ನು ಬೈದು ಸುಮ್ಮನಾಗುವ ಹಾಗೂ ಇಲ್ಲ. ಮೈಸೂರು ಸಂಸ್ಥಾನದ ಜನಾಂಗಗಳ ಸಮೀಕ್ಷೆ ಆರಂಭಿಸಿದವರು ಎಚ್.ವಿ. ನಂಜುಂಡಯ್ಯನವರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು. ಅವರು 1920ರಲ್ಲಿ ತೀರಿಕೊಂಡ ಮೇಲೆ ಅದನ್ನು ಪೂರ್ಣಗೊಳಿಸಿ 1928ರಿಂದ 1935ರೊಳಗೆ ನಾಲ್ಕು ಸಂಪುಟಗಳಾಗಿ ತಂದವರು ಎಲ್.ಕೆ. ಅನಂತಕೃಷ್ಣ ಅಯ್ಯರ್. ಅಯ್ಯರ್ ಅವರು ಮಾನವಶಾಸ್ತ್ರ ಕಲಿಸುತ್ತಿದ್ದುದು ಇದೇ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ! ಮಹತ್ತ್ವದ ಗ್ರಂಥವೇ, ಸಂದೇಹವಿಲ್ಲ. ಆದರೂ ನಮ್ಮ ನಾಡಿನ ಕಾಡುಜನರು ಅದರ ಪಟಗಳಲ್ಲಿ ಪಂಗಡದ ಹೆಸರಿನಲ್ಲೇ ನಿಂತಿದ್ದಾರೆ.

ಇದರಿಂದ ಯಾರಿಗೇನು ನಷ್ಟ ಎನ್ನುವವರು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಓದಬೇಕು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿದ್ದ ಆದಿವಾಸಿಗೆ ಅಲ್ಲಿ ಹಕ್ಕುಂಟು. ಆದರೆ ಹಕ್ಕು ಕೇಳಿದವನು ಪುರಾವೆ ಕೊಡಬೇಕು. ಏನೇನು ಪುರಾವೆಯಾಗಬಹುದೆಂದು 2008ರ ನಿಯಮಗಳ 13ನೆಯ ನಿಯಮ ಹೇಳುತ್ತದೆ. ಗೆಜೆಟಿಯರು, ಜನಗಣತಿ, ಬಾವಿ, ಸ್ಮಶಾನ, ಹಿರಿಯರ ಹೇಳಿಕೆ; ಹಿಂದೆ ಆ ಊರಿನಲ್ಲಿದ್ದರೆಂದು ಗೊತ್ತಾದ ವ್ಯಕ್ತಿಯಿಂದ ಇಳಿದುಬಂದ ವಂಶಾವಳಿ; ಹೆಸರಾಂತ ಸಂಸ್ಥೆಗಳ ಸಂಶೋಧನೆ. ಈ ಕೊನೆಯದಕ್ಕೆ ಉದಾಹರಣೆಯಾಗಿ ನಿಯಮವೇ ಹೆಸರು ಹಿಡಿದು ಹೇಳಿರುವುದು ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯನ್ನು. 1945ರಲ್ಲಿ ಹುಟ್ಟಿ, 1948ರಿಂದ ನಮ್ಮ ಕಲ್ಕತ್ತದಲ್ಲಿ ಬೇರೂರಿದ ಸಂಸ್ಥೆ ಅದು. ವಂಶಾವಳಿಗೆ ಬೇಕಾದ್ದು ಅಜ್ಜನ ಹೆಸರು. ಪಟದಲ್ಲಿ ಅಜ್ಜನಿದ್ದಾನೆ, ಹೆಸರಿಲ್ಲ!

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಹಾಕಿದವು. ಹಿಂದಿನ ತಲೆಮಾರನ್ನು ಒಕ್ಕಲೆಬ್ಬಿಸಿದ್ದ ಜಾಗ ಅದು. ಅರಣ್ಯ ಇಲಾಖೆ ಅಡ್ಡ ಬಂತು. ಕಾಫಿ ತೋಟಗಳ ಲೈನು ಮನೆಗಳಲ್ಲಿ ಕೂಲಿಯಾಗಿ ಬದುಕಿದವರು ತಾತನ ಕಾಲದ ಕಾಗದವನ್ನು ಎಲ್ಲಿಂದ ತಂದಾರು? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಪೂಜಾಸ್ಥಳಗಳನ್ನು ತಾವೇ ತೋರಿಸಿ ನಕ್ಷೆ ಮಾಡಿಸಿಕೊಂಡಿದ್ದರು. 2011ರಲ್ಲಿ ಅವರಿಗೆ ಸಮುದಾಯ ಹಕ್ಕು ದೊರೆಯಿತು. ದಾಖಲೆ ಅಂದರೆ ಇಷ್ಟು ಕೆಲಸಕ್ಕೆ ಬರುತ್ತದೆ.

ಹೊರದೇಶದ ಒಂದು ಸಂಗತಿ. ಅಮೆರಿಕದ ವಿಸ್ಕಾನ್‌ಸಿನ್ ಸೀಮೆಯ ಮೂಲನಿವಾಸಿಗಳು ಹೋ-ಚಂಕರು. 1837ರ ಒಪ್ಪಂದದಿಂದ ನೆಲ ಕಳೆದುಕೊಂಡ ಅವರನ್ನು ಸೈನ್ಯ ಮತ್ತೆ ಮತ್ತೆ ಪಶ್ಚಿಮಕ್ಕೆ ಅಟ್ಟಿತು. ಅನೇಕರು ಮತ್ತೆ ಮತ್ತೆ ವಾಪಸು ಬಂದರು. ಬ್ಲ್ಯಾಕ್ ರಿವರ್ ಫಾಲ್ಸ್ ಎಂಬ ಸಣ್ಣ ಪೇಟೆಯಲ್ಲಿ ವ್ಯಾನ್ ಶೈಕ್ ಎಂಬ ಫೋಟೋಗ್ರಾಫರ್ ಅವರ ಪಟಗಳನ್ನು ಬಹಳ ಕಾಲ ತೆಗೆದ. ಆ ಗಾಜಿನ ಪ್ಲೇಟುಗಳು ಅಲ್ಲಿನ ಇತಿಹಾಸ ಸಂಸ್ಥೆಗೆ ಸೇರಿದವು. ಆಮೇಲೆ ಆ ಜನರೇ ಪಟಗಳನ್ನು ಮುಂದಿಟ್ಟುಕೊಂಡು, ಈಕೆ ನಮ್ಮ ಮುತ್ತಜ್ಜಿ, ಈತ ಇಂಥ ಮನೆಯವನು ಎಂದು ಒಬ್ಬೊಬ್ಬರನ್ನೇ ಗುರುತಿಸಿದರು. 2011ರಲ್ಲಿ ಅದು ಪುಸ್ತಕವಾಯಿತು. ತಮಗೆ ಪರರು ಇಟ್ಟಿದ್ದ 'ವಿನ್ನೆಬಾಗೊ' ಎಂಬ ಹೆಸರನ್ನೂ ವಿಸ್ಕಾನ್‌ಸಿನ್ನಿನವರು 1994ರ ತಮ್ಮ ಸಂವಿಧಾನದಲ್ಲಿ ಬಿಟ್ಟು, ಸ್ವಂತ ಹೆಸರನ್ನೇ ಇಟ್ಟುಕೊಂಡರು. ಅಲ್ಲಿ ಆದದ್ದು ನಮ್ಮ ಹಾಡಿಗಳಲ್ಲಿ ಏಕಾಗಬಾರದು?

ಹಳೆಯ ಪಟದ ಮುಖ ಗುರುತಿಸುವವರು ಈಗ ಎಲ್ಲಿದ್ದಾರೆ ಎಂದು ಕೇಳುವವರಿದ್ದಾರೆ. ನಿಜ, 1909ರವರನ್ನು ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ. ಆದರೆ ಸ್ವಾತಂತ್ರ್ಯಾನಂತರ ತೆಗೆದ ಪಟಗಳಲ್ಲಿ ತಮ್ಮ ಅಪ್ಪನನ್ನು ಕಾಣಬಲ್ಲವರು ಇನ್ನೂ ಇದ್ದಾರೆ. ಅವರು ಹೋದ ಮೇಲೆ ಯಾರನ್ನು ಕೇಳೋಣ? ಸಂಸ್ಥೆಗೆ ಮೈಸೂರಿನಲ್ಲೂ ಕೇಂದ್ರವಿದೆ. ಪ್ರತಿಗಳನ್ನು ಹಾಡಿಗೆ ಒಯ್ಯಲು ವಿಮಾನ ಬೇಕಿಲ್ಲ, ಹುಣಸೂರಿನ ಬಸ್ಸು ಸಾಕು.

ಆದ್ದರಿಂದ ನಮ್ಮ ಸಂಘ ಕೂಡಲೇ ಒಂದು ಪತ್ರ ಬರೆಯಬೇಕು. ಕರ್ನಾಟಕದ ಬುಡಕಟ್ಟುಗಳ ಪಟ, ವರದಿಗಳ ಪ್ರತಿ ಆಯಾ ಗ್ರಾಮಸಭೆಗೆ ಸಿಗಬೇಕು ಎಂದು ಅದರಲ್ಲಿ ಕೇಳಬೇಕು. ಕರಡು ನಾವು ಬರೆದುಕೊಡುತ್ತೇವೆ, ಅದು ನಮಗೆ ಬರುವ ಒಂದೇ ವಿದ್ಯೆ. ಹಾಗೆಯೇ ಮಕ್ಕಳ ಛದ್ಮವೇಷ ಸ್ಪರ್ಧೆಯಲ್ಲಿ ಮೈಗೆ ಮಸಿ ಬಳಿದು, ಸೊಪ್ಪು ಕಟ್ಟಿ 'ಕಾಡುಕುರುಬ'ನೆಂದು ವೇದಿಕೆ ಹತ್ತಿಸುವುದು ಈ ವರ್ಷದಿಂದ ನಿಲ್ಲಬೇಕು. ಎರಡು ಸಲ ಅದಕ್ಕೆ ಮೊದಲ ಬಹುಮಾನವನ್ನೂ ಕೊಟ್ಟಿದ್ದೇವೆ. ಚಪ್ಪಾಳೆ ತಟ್ಟಿದವರಲ್ಲಿ ಈ ಲೇಖಕರೂ ಒಬ್ಬರು.

ಆ ಎರಡು ಪಟಗಳು, ಹೆಸರು ಸಿಗುವವರೆಗೆ, ಬೀರುವಿನಲ್ಲಿರಲಿ. ಬೀಗದ ಕೈ ಯಾರಲ್ಲಿದೆಯೆಂದು ಕಾರ್ಯದರ್ಶಿಗಳು ತಿಳಿಸಿದರೆ ಬರುವ ಭಾನುವಾರ ನಾವೇ ಬಂದು ತೆಗೆದಿಡುತ್ತೇವೆ.