ಹಳೆಯ ಕಾಗದ ರದ್ದಿಗೆ ಹೋಗುವ ಮುನ್ನ



ಸಂಘದ ಗೋದಾಮಿನಲ್ಲಿರುವ ಎರಡು ಬೀರು ಹಳೆಯ ಕಾಗದಗಳನ್ನು ರದ್ದಿಗೆ ಮಾರಿ, ಆ ಜಾಗದಲ್ಲಿ ಗೊಬ್ಬರದ ಚೀಲ ಇಡಬೇಕೆಂಬ ಸಲಹೆ ಕಳೆದ ಸಭೆಯಲ್ಲಿ ಬಂದಿತು. ಜಾಗದ ಅಭಾವ ಇರುವುದು ನಿಜ. ಆದರೂ ಈ ಸಲಹೆಯನ್ನು ನಾನು ಒಪ್ಪಲಾರೆ. ಕಾರಣವನ್ನು ತಮ್ಮ ಮುಂದಿಡುತ್ತೇನೆ.

ಅರಿಶಿನದ ಪ್ರಕರಣವನ್ನು ನೋಡೋಣ. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು ಪೇಟೆಂಟ್ ಪಡೆಯಿತು. ಇದು ನಮ್ಮ ಅಜ್ಜಿಯರೆಲ್ಲ ಬಲ್ಲ ಮದ್ದು. ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ರೂಢಿಗೆ, ಬಾಯಿಮಾತಿಗೆ ಬೆಲೆಯಿರಲಿಲ್ಲ. ಅಚ್ಚಾದ ಬರಹವೇ ಬೇಕಿತ್ತು. ಆ ನಿಯಮ ಬದಲಾದದ್ದು 2013ರಲ್ಲಿ. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 1996ರಲ್ಲಿ ಮರುಪರಿಶೀಲನೆ ಕೋರಿ 32 ಆಧಾರಗಳನ್ನು ಒಪ್ಪಿಸಿತು. ಅವುಗಳಲ್ಲಿ ಹಳೆಯ ಸಂಸ್ಕೃತ, ಉರ್ದು, ಹಿಂದಿ ಬರಹಗಳಿದ್ದವು. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಲೇಖನವೂ ಇತ್ತು. 1997ರಲ್ಲಿ ಆ ಪೇಟೆಂಟಿನ ಹಕ್ಕುಗಳೆಲ್ಲ ತಿರಸ್ಕೃತವಾದವು. 1953ರ ಆ ಸಂಚಿಕೆಯನ್ನು ಯಾರೋ ಪುಣ್ಯಾತ್ಮರು ರದ್ದಿಗೆ ಹಾಕದೆ ಇಟ್ಟಿದ್ದರು ಎಂಬುದನ್ನು ಗಮನಿಸಬೇಕು.

ಪೇಟೆಂಟ್ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ, ಅರ್ಜಿಯ ದಿನಾಂಕಕ್ಕೆ ಮುಂಚೆಯೇ ಈ ವಿಷಯ ಜಗತ್ತಿಗೆ ತಿಳಿದಿತ್ತೇ ಎಂಬುದು. ಹಳೆಯ ಪೇಟೆಂಟುಗಳು ವರ್ಗವಾರು ಜೋಡಣೆಯಾಗಿರುವುದರಿಂದ ಬೇಗ ಸಿಗುತ್ತವೆ. ಆದರೆ ಪ್ರೌಢಪ್ರಬಂಧ, ಇಲಾಖೆಯ ಪ್ರಕಟಣೆ, ಸಂಘದ ವಾರ್ತಾಪತ್ರ, ಅದರಲ್ಲೂ ಕನ್ನಡದವು, ಅವರ ಕಣ್ಣಿಗೆ ಬೀಳುವುದು ಅಪರೂಪ. ಅದು ಅವರ ತಪ್ಪಲ್ಲ, ತೋರಿಸಬೇಕಾದವರು ನಾವು.

ತೋರಿಸಲು ನಮ್ಮ ಕಾನೂನಿನಲ್ಲಿ ದಾರಿಯೂ ಇದೆ. 1970ರ ಪೇಟೆಂಟ್ ಕಾಯ್ದೆಯ 25ನೇ ಕಲಮಿನಂತೆ, ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮುನ್ನ, ಯಾರು ಬೇಕಾದರೂ ಲಿಖಿತ ವಿರೋಧ ಸಲ್ಲಿಸಬಹುದು. ಸ್ಥಳೀಯ ಸಮುದಾಯದ ಬಾಯಿಮಾತಿನ ತಿಳಿವಳಿಕೆಯೂ ಅಲ್ಲಿ ಒಂದು ಆಧಾರವೇ. ಆದರೆ ಅದನ್ನು ರುಜುವಾತು ಮಾಡುವುದು ಕಷ್ಟ. ದಿನಾಂಕವಿರುವ ಅಚ್ಚಿನ ಒಂದು ಪುಟ ಆ ಕಷ್ಟವನ್ನು ಬಹಳಷ್ಟು ತಗ್ಗಿಸುತ್ತದೆ.

ಅಡಿಕೆಯ ಕೊಳೆರೋಗವನ್ನು ಕುರಿತು ಡಾ. ಲೆಸ್ಲಿ ಕೋಲ್ಮನ್ ಮೈಸೂರು ಕೃಷಿ ಇಲಾಖೆಯಲ್ಲಿದ್ದಾಗ 1910ರಲ್ಲೇ ಬರೆದು ಪ್ರಕಟಿಸಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದು ಪ್ರತಿ ತೋಟದಲ್ಲೂ ಬಾಯಿಪಾಠ. ಆದರೆ ಆ ದ್ರಾವಣಕ್ಕೆ ನಮ್ಮವರು ಬೆರೆಸಿದ ಅಂಟು, ಒಣಗಿಸುವ ಕಣದಲ್ಲಿ ಮಾಡಿಕೊಂಡ ಮಾರ್ಪಾಡು, ಕಾಫಿಯ ನೆರಳು ಕತ್ತರಿಸುವ ಕ್ರಮ, ಇವೆಲ್ಲ ಎಲ್ಲಿ ಬರೆದಿಟ್ಟಿವೆ? ಅಲ್ಪಸ್ವಲ್ಪ ಇದ್ದರೆ ಆ ಬೀರುಗಳಲ್ಲೇ ಇದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಚ್ಚಾದ ಮಾತು ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತದೆ. ಸದಸ್ಯರಲ್ಲಿ ಯಾರಾದರೂ ಹೊಸ ಯಂತ್ರ ಕಂಡುಹಿಡಿದು ಪೇಟೆಂಟ್ ಪಡೆಯುವ ಯೋಚನೆಯಲ್ಲಿದ್ದರೆ ಮೊದಲು ಅರ್ಜಿ ಹಾಕಲಿ, ಆಮೇಲೆ ಈ ಪತ್ರಿಕೆಗೆ ಬರೆಯಲಿ. ಕ್ರಮ ತಪ್ಪಿದರೆ ಅವರದೇ ಲೇಖನ ಅವರಿಗೆ ಅಡ್ಡಬಂದೀತು. ನಿಜವಾದ ಹೊಸ ಸುಧಾರಣೆಯನ್ನು ಹಳೆಯ ಕಾಗದ ತಡೆಯುವುದಿಲ್ಲ, ತಡೆಯಲೂಬಾರದು.

ಆದಕಾರಣ ನನ್ನ ವಿನಂತಿ ಇಷ್ಟೆ. ಬೀರುಗಳನ್ನು ಉಳಿಸೋಣ. ಮಳೆಗಾಲದ ಬಿಡುವಿನಲ್ಲಿ ಓದುಬರಹ ಬಲ್ಲ ಇಬ್ಬರು ಯುವ ಸದಸ್ಯರು ಬಂದರೆ ಎಲ್ಲಕ್ಕೂ ಪಟ್ಟಿ ಮಾಡೋಣ. ತಮ್ಮ ತೋಟದ ಉಪಾಯವನ್ನು ಎಲ್ಲರೊಡನೆ ಹಂಚಿಕೊಳ್ಳಲು ಒಪ್ಪುವವರು ಅಳತೆ, ವಿಧಾನ, ಮಾಡಿದ ವರ್ಷಗಳೊಡನೆ ಸ್ಪಷ್ಟವಾಗಿ ಬರೆದು ಕಳಿಸಲಿ. ಸಂಚಿಕೆಯ ತಿಂಗಳು, ವರ್ಷ ನಮೂದಿಸಿ ಅಚ್ಚು ಹಾಕಿಸುವ ಹೊಣೆ ನನ್ನದು. ಹಿತ್ತಲ ಗಿಡ ಮದ್ದಲ್ಲ ಎಂದು ನಾವೇ ಕೈಬಿಟ್ಟರೆ, ಅದನ್ನು ಮದ್ದೆಂದು ದಾಖಲು ಮಾಡಿಸಿಕೊಳ್ಳುವವರು ಬೇರೆ ಯಾರಾದರೂ ಬಂದಾರು.

ಗೊಬ್ಬರದ ಚೀಲಕ್ಕೆ ಸದ್ಯ ನಮ್ಮ ಮನೆಯ ಜಗಲಿಯಲ್ಲಿ ಜಾಗವಿದೆ.

— ಕಾರ್ಯದರ್ಶಿ